ಮರ್ಲ್ ಹೆಸರಿನ ಬಾರು

ಇಪ್ಪತ್ತೇಳು ವರ್ಷ ಆ ಹೋಟೆಲಿನ ನೆಲಮಾಳಿಗೆಯಲ್ಲಿ ಚಾದರ, ಟವೆಲು ಒಗೆದ ಲಿಯೋಟಾ ಬ್ರಾಂಡ್‌ವೋಲ್ಡ್ ಮುಂಬಾಗಿಲಿನಿಂದ ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಕೆಲಸದವರೆಲ್ಲ ಹಿಂದುಗಡೆಯಿಂದ, ಕಸದ ಡಬ್ಬಗಳ ಸಂದಿಯಿಂದ ಬರಬೇಕು ಅನ್ನುವುದು ಅಲ್ಲಿಯ ಕಟ್ಟುನಿಟ್ಟು. ಬಾಗಿಲು ಕಾಯುವವನು ಅವಳ ಕೈಯಿಂದ ಪೆಟ್ಟಿಗೆ ಇಸಿದುಕೊಳ್ಳಹೋದಾಗ, "ಬಿಡಪ್ಪಾ, ನಾನೇ ತರ್ತೀನಿ" ಅಂದಳು. ಅವನಿಗೂ ಮುಜುಗರ. ದಿನಾ ಮಧ್ಯಾಹ್ನ ಅವಳ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚುವವನು ಅವನು.

ಹೋಟೆಲಿನವರು ಹೊಸ ಬಾರು ಕಟ್ಟಿಸಿದ್ದರು. ಅದಕ್ಕೆ ಲಿಯೋಟಾಳ ಗಂಡ ಮರ್ಲ್‌ನ ಹೆಸರು. ಫೆಬ್ರವರಿಯ ಆ ಶನಿವಾರ ಸಂಜೆ ಉದ್ಘಾಟನೆ. ಅದಕ್ಕೆಂದು ಅವಳಿಗೂ ಮಗಳು ಕಾರಿನ್‌ಗೂ ನಾಲ್ಕನೇ ಮಹಡಿಯಲ್ಲಿ, ಗುಡ್ಡ ಕಾಣುವ ಕೋಣೆಯಲ್ಲಿ ಎರಡು ದಿನದ ವಾಸ.

ಮರ್ಲ್ ಸ್ಕೀ ಗುಡ್ಡದ ಗಸ್ತಿನವನಾಗಿದ್ದ. ಬೆಳಗಾಗುವ ಮೊದಲೇ ಮೇಲೆ ಹೋಗಿ, ಸಡಿಲ ಹಿಮ ಎಲ್ಲೆಲ್ಲಿ ಇದೆ ನೋಡಿ, ಸ್ಫೋಟಕ ಎಸೆದು ಅದನ್ನು ಬೇಕೆಂದೇ ಉರುಳಿಸಿ, ಆಮೇಲೆ ಇಳಿಜಾರನ್ನು ಜನಕ್ಕೆ ತೆರೆಯುವ ಕೆಲಸ. ಮಿನೆಸೋಟಾದಿಂದ ಒಂದು ಚಳಿಗಾಲಕ್ಕೆಂದು ಬಂದವನು ಗುಡ್ಡದಾಚೆಯ ಲೆಡ್‌ವಿಲ್ಲಿನ ಗಣಿಗಾರನ ಮಗಳಾದ ಲಿಯೋಟಾಳನ್ನು ಮದುವೆಯಾಗಿ ಅಲ್ಲೇ ನಿಂತ. ಕಾರಿನ್ ಮೂರು ವರ್ಷದವಳಿದ್ದ ಫೆಬ್ರವರಿಯಲ್ಲಿ, ಎಲ್ಲರೂ 'ಬಟ್ಟಲು' ಅನ್ನುವ ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ಸತ್ತ. ಅವನನ್ನು ಅಗೆದು ತೆಗೆಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಕಾರಿನ್‌ಗೆ ಅಪ್ಪ ಅಂದರೆ ಅವನ ಕೆಂಪು ಜಾಕೆಟ್ಟು ಮತ್ತು ಒಂದು ಕಥೆ. ಹೊಸ ಹಿಮದ ಮೇಲೆ ಸ್ಕೀಯ ಮೊದಲ ಗೆರೆ ತನ್ನದೇ ಆಗಬೇಕು ಅನ್ನುವ ಹುಚ್ಚಿನಲ್ಲಿ ಒಬ್ಬನೇ ಹೋದನಂತೆ ಅನ್ನುವ ಕಥೆ. ಊರಿನವರು ಹೇಳಿದ್ದು, ತಾಯಿ ಅಲ್ಲಗಳೆಯದೆ ಬಿಟ್ಟದ್ದು. ಈಗ ಮೂವತ್ತಾದ ಕಾರಿನ್ ಡೆನ್ವರಿನಲ್ಲಿ ದಂತವೈದ್ಯರೊಬ್ಬರ ಹತ್ತಿರ ಕೆಲಸಕ್ಕಿದ್ದಳು. ಪ್ರತಿ ಫೆಬ್ರವರಿಯಲ್ಲೂ ಬಂದು, ಆ ಜಾಕೆಟ್ಟು ತೊಟ್ಟು, ಜನರನ್ನು ಗುಡ್ಡ ಹತ್ತಿಸುವ ಲಿಫ್ಟು ಶುರುವಾಗುವ ಮೊದಲೇ ಒಬ್ಬಳೇ ಬಟ್ಟಲಿಗೆ ಹತ್ತುತ್ತಿದ್ದಳು. ಅವಳು ಇಳಿದು ಬರುವವರೆಗೆ ಲಿಯೋಟಾ ನೆಲಮಾಳಿಗೆಯಲ್ಲಿ ಒಂದೇ ಟವೆಲನ್ನು ಮೂರು ಸಲ ಮಡಿಸುತ್ತಿದ್ದಳು.

ಕೋಣೆಯಲ್ಲಿ ಚಾದರದ ಅಂಚು ಓರೆಯಾಗಿತ್ತು. ಲಿಯೋಟಾ ಬಗ್ಗಿ ಸರಿಮಾಡಹೋದಳು.

"ಅಮ್ಮ, ಮುಟ್ಟಬೇಡ ಅದನ್ನ. ಇವತ್ತು ನೀನು ಅತಿಥಿ" ಅಂದಳು ಕಾರಿನ್, ನಗುತ್ತಾ. ಬೂಟು ಕಳಚಿ ಹಾಸಿಗೆ ಮೇಲೆ ಬಿದ್ದುಕೊಂಡಳು. "ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಬಾರಲ್ಲೇ ಇರ್ತಿದ್ದ, ಅಲ್ವಾ?"

"ನಿಮ್ಮಪ್ಪ ಕುಡೀತಿದ್ದದ್ದು ಹಾಲು ಹಾಕಿದ ಕಾಫಿ" ಅಂದು ಲಿಯೋಟಾ ಕೆಳಗಿಳಿದಳು, ಬಾರು ನೋಡಿಕೊಂಡು ಬರೋಣವೆಂದು.

ಗೋಡೆಯ ಮೇಲೆ ಹಿತ್ತಾಳೆ ಫಲಕ. 'ಗುಡ್ಡವನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದವನು. ಒಂದು ನಸುಕಿನಲ್ಲಿ ಯಾರಿಗೂ ಹೇಳದೆ ಹೊಸ ಹಿಮವನ್ನು ಹುಡುಕಿ ಹೊರಟವನು.' ಕೆಳಗೆ ಪಾನೀಯಗಳ ಪಟ್ಟಿ. ಮೊದಲನೆಯದರ ಹೆಸರು 'ಮರ್ಲ್‌ನ ಕೊನೆಯ ಇಳಿತ'. ವಿಸ್ಕಿ, ಶುಂಠಿ, ಮೇಲೆ ಮೊಟ್ಟೆಯ ಬಿಳಿ ನೊರೆ. ಹಿಮದ ಹಾಗೆ ಕಾಣಲಿ ಅಂತ.

ಲಿಯೋಟಾ ಫಲಕವನ್ನು ಇನ್ನೊಮ್ಮೆ ಓದಿದಳು. ಯಾರಿಗೂ ಹೇಳದೆ ಹೊರಟನಂತೆ. ಬೆಳಗಿನ ಜಾವ ಐದಕ್ಕೆ ಫೋನು ಬಂದದ್ದು ಅವಳ ಹಾಸಿಗೆಯ ಪಕ್ಕದಲ್ಲೇ. ಆಚೆ ಕಡೆ ಗ್ರೇಡಿ ವಿಟ್ಲಾಕ್, ಆಗ ಗುಡ್ಡಕ್ಕೂ ಹೋಟೆಲಿಗೂ ಮ್ಯಾನೇಜರ್, ಈಗ ಹೋಟೆಲಿನ ಒಡೆಯ. ಬಟ್ಟಲು ಮುಚ್ಚಿ ಎರಡು ದಿನವಾಗಿತ್ತು, ರಜೆಗೆ ಬಂದ ಅತಿಥಿಗಳು ಗೊಣಗುತ್ತಿದ್ದರು, ಇವತ್ತು ತೆರೆಯಲೇಬೇಕಂತೆ. "ಹಿಮ ಇನ್ನೂ ಗಟ್ಟಿಯಾಗಿ ಕೂತಿಲ್ಲ ಗ್ರೇಡಿ, ಇನ್ನೊಂದು ದಿನ ಕೊಡು" ಅಂದಿದ್ದ ಮರ್ಲ್. ಎರಡು ಸಲ ಅಂದಿದ್ದ. ಆಮೇಲೆ ಸುಮ್ಮನೆ ಕೇಳಿಸಿಕೊಂಡು ಫೋನಿಟ್ಟು, "ನಾನು ಹೋಗದಿದ್ರೆ ಯಾವನಾದ್ರೂ ಹೊಸಬನ್ನ ಕಳಿಸ್ತಾನೆ" ಅಂದು ಬೂಟು ಹಾಕಿಕೊಂಡಿದ್ದ.

ಹೂಳಿ ಬಂದ ಮೂರನೇ ದಿನ ಗ್ರೇಡಿ ಮನೆಗೆ ಬಂದ. ಒಂದು ಕೈಯಲ್ಲಿ ಹೆಂಡತಿ ಮಾಡಿಕೊಟ್ಟ ಆಲೂಗಡ್ಡೆ ಬೇಯಿಸಿದ ಪಾತ್ರೆ, ಇನ್ನೊಂದು ಕೈಯಲ್ಲಿ ಕಾಗದ. ಮರ್ಲ್ ತಾನಾಗಿ ಹೋದ, ಯಾರೂ ಕಳಿಸಲಿಲ್ಲ ಅಂತ ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ಲಾಂಡ್ರಿಯಲ್ಲಿ ಕೆಲಸ, ಕೆಲಸದವರ ಸಾಲಿನಲ್ಲಿ ಎರಡು ಕೋಣೆಯ ಮನೆ. ಲಿಯೋಟಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಸಹಿ ಹಾಕಿದ್ದಳು.

ಗ್ರೇಡಿ ಈಗ ಬಾರಿನ ಹೂವುಗಳನ್ನು ಸರಿಮಾಡಿಸುತ್ತಿದ್ದ. ಅವಳು ಹತ್ತಿರ ಹೋದಳು.

"ಆ ಫಲಕ ತೆಗೆಸಿಬಿಡಿ. ಬರೀ ಹೆಸರು ಇರಲಿ, ಸಾಕು."

"ಯಾಕೆ ಲಿಯೋಟಾ, ಚೆನ್ನಾಗಿಲ್ವಾ? ಬರೆಯೋಕೆ ಡೆನ್ವರಿಂದ ಒಬ್ಬಳನ್ನ ಕರೆಸಿದ್ದೆ."

"ಅದು ಸುಳ್ಳು. ನಿಮಗೆ ಗೊತ್ತು, ನನಗೂ ಗೊತ್ತು."

ಅವನು ಅವಳ ಹೆಗಲ ಮೇಲೆ ಕೈಯಿಟ್ಟ. "ನೋಡು, ಎಲ್ಲಾ ಹಳೇದು. ಜನಕ್ಕೆ ಇಂಥ ಕಥೆ ಇಷ್ಟ. ನಿನ್ನ ಮಗಳಿಗೂ ಎಷ್ಟು ಹೆಮ್ಮೆ, ನೋಡಿದ್ದೀಯಲ್ಲ. ಅದನ್ನ ಯಾಕೆ ಹಾಳುಮಾಡ್ತೀಯ?"

ಆ ಕೊನೆಯ ಮಾತು ಅವಳನ್ನು ಮೆಟ್ಟಿಲು ಹತ್ತಿಸಿತು. ಕಾರಿನ್ ಕನ್ನಡಿಯ ಮುಂದೆ ಕೆಂಪು ಜಾಕೆಟ್ಟು ಹಾಕಿಕೊಳ್ಳುತ್ತಿದ್ದಳು. ಲಿಯೋಟಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಫೋನು, ಕಾಗದ, ಸಹಿ, ಯಾವುದನ್ನೂ ಬಿಡಲಿಲ್ಲ.

ಕಾರಿನ್ ಜಾಕೆಟ್ಟಿನ ಜಿಪ್ಪು ಕೆಳಗೆಳೆದಳು. ಆಮೇಲೆ, "ಅವನು ಹೋಗಲ್ಲ ಅಂದಿದ್ನಾ?" ಅಂತ ಕೇಳಿದಳು.

"ಎರಡು ಸಲ ಅಂದ."

"ಹದಿನಾರನೇ ವಯಸ್ಸಿಂದ ನಾನು ಪ್ರತಿ ವರ್ಷ ಅಲ್ಲಿಗೆ ಒಬ್ಬಳೇ ಹೋಗ್ತಿದ್ದೀನಿ, ಅಮ್ಮ. ಅವನ ಥರ ಇರಬೇಕು ಅಂತ. ನಾನೂ ಅಲ್ಲೇ ಹೂತುಹೋಗಿದ್ರೆ?"

"ಹೇಳಿದ್ರೆ ಮನೆ ಹೋಗ್ತಿತ್ತು."

"ಮನೆ" ಅಂದಳು ಕಾರಿನ್. "ಅಪ್ಪನ್ನ ಒಬ್ಬ ಪೆದ್ದನ ಥರ ಮಾಡಿಟ್ಟೆ ನೀನು. ಎರಡು ಕೋಣೆಗೆ."

ಜಾಕೆಟ್ಟನ್ನು ಹಾಸಿಗೆ ಮೇಲೆ ಬಿಟ್ಟು, ಚೀಲ ಎತ್ತಿಕೊಂಡು ಹೊರಟಳು. ಕೆಳಗೆ ಅವಳ ಕಾರು ಹಿಮ ತುಂಬಿದ ರಸ್ತೆಗಿಳಿದು, ತಿರುವಿನಲ್ಲಿ ಮರೆಯಾಗುವುದು ಆ ಒಳ್ಳೆಯ ಕಿಟಕಿಯಿಂದ ಚೆನ್ನಾಗಿ ಕಾಣಿಸಿತು.

ಸಂಜೆ ಐದಕ್ಕೆ ಬಾರು ಭರ್ತಿಯಾಗಿತ್ತು. ಸ್ಕೀ ಆಡಿ ಬಂದು ಕೆನ್ನೆ ಕೆಂಪೇರಿದ ಅತಿಥಿಗಳು ಮುಂದೆ, ಹಳೆಯ ಗಸ್ತಿನವರು ಹಿಂದಿನ ಗೋಡೆಗೆ ಒರಗಿ. ಗ್ರೇಡಿ ಮರ್ಲ್‌ನ ಧೈರ್ಯವನ್ನು ಕೊಂಡಾಡಿ, "ಲಿಯೋಟಾ ಎರಡು ಮಾತು ಹೇಳ್ತಾಳೆ" ಅಂದು ಮೈಕು ಕೊಟ್ಟ.

ಅವಳು ಮೈಕನ್ನು ಬಾಯಿಯ ಹತ್ತಿರ ಹಿಡಿದಳು. "ನನ್ನ ಗಂಡನಿಗೆ ಅವತ್ತು ಹೋಗೋಕೆ ಇಷ್ಟ ಇರಲಿಲ್ಲ" ಅಂದಳು. "ಹಿಮ ಇನ್ನೂ ಕೂತಿಲ್ಲ ಅಂದಿದ್ದ. ಹೋಗು ಅಂತ ಫೋನ್ ಮಾಡಿದ್ದು ನೀನು, ಗ್ರೇಡಿ. ಬಾಯಿ ಮುಚ್ಕೊಂಡು ಸಹಿ ಹಾಕಿದ್ದು ನಾನು."

ಗ್ರೇಡಿ ಮೈಕನ್ನು ಮೆಲ್ಲಗೆ ತೆಗೆದುಕೊಂಡು, "ಇಷ್ಟು ವರ್ಷವಾದರೂ ನೋವು ಆರಿಲ್ಲ, ನಾವು ಅರ್ಥ ಮಾಡ್ಕೋಬೇಕು" ಅಂದ. ಯಾರೋ ಚಪ್ಪಾಳೆ ಶುರುಮಾಡಿದರು. ಉಳಿದವರೂ ತಟ್ಟಿದರು. ನೊರೆಯ ಲೋಟಗಳು ಟ್ರೇಗಳಲ್ಲಿ ಬಂದವು. ಮುಂದಿನ ಮೇಜಿನ ಹೆಂಗಸೊಬ್ಬಳು ಲಿಯೋಟಾಳ ಕೈ ಹಿಡಿದು, ಎಂಥಾ ಪ್ರೀತಿ ನಿಮ್ಮದು ಅಂದಳು.

ಹೊರಗೆ ಮೆಟ್ಟಿಲಿನ ಹತ್ತಿರ ಬಾಯ್ಡ್ ಸಂದೋವಾಲ್ ಅವಳ ಹಿಂದೆಯೇ ಬಂದ. ಮರ್ಲ್ ಹೋದಾಗ ಇಪ್ಪತ್ತೆರಡರ ಹೊಸಬ, ಈಗ ಗಸ್ತಿನ ಮುಖ್ಯಸ್ಥ.

"ನಮಗೆಲ್ಲ ಗೊತ್ತಿತ್ತು, ಲಿಯೋಟಾ. ನಿಮಗೆ ಆ ಮಾತು ಬೇಡವೇನೋ ಅಂತ ನಾವು ಸುಮ್ಮನಿದ್ವಿ."

"ನಿಮಗೆ ಹೇಗೆ ಗೊತ್ತು?"

ಅವನು ಟೋಪಿ ತೆಗೆದ. "ಗ್ರೇಡಿ ಮೊದಲು ಫೋನ್ ಮಾಡಿದ್ದು ನನಗೆ. ಜ್ವರ ಅಂದೆ. ಜ್ವರ ಇರಲಿಲ್ಲ."

ಲಿಯೋಟಾ ಅವನ ಮುಖ ನೋಡಿದಳು. ಹೊಡೆಯಬೇಕು ಅನ್ನಿಸಿತು. ಕೈ ಏಳಲಿಲ್ಲ. ಇಪ್ಪತ್ತೆರಡರ ಹುಡುಗ ಹೆದರಿದ್ದ, ಮೂವತ್ತೊಂದರ ತಾಯಿಯೂ ಹೆದರಿದ್ದಳು. "ಹೋಗು ಬಾಯ್ಡ್" ಅಂದಳು ಅಷ್ಟೇ. ಕೋಣೆಗೆ ಹೋಗಿ ಪೆಟ್ಟಿಗೆ ತಂದು, ಹಿಂಬಾಗಿಲಿನಿಂದ ಮನೆಗೆ ನಡೆದಳು.

ಏಪ್ರಿಲ್‌ನಲ್ಲಿ ಸೀಸನ್ ಮುಗಿಯುತ್ತಲೇ ಲಾಂಡ್ರಿ ಕೆಲಸವನ್ನು ಹೊರಗಿನವರಿಗೆ ಕೊಟ್ಟರು. ಮನೆ ರಿಪೇರಿಗೆ ಬೇಕು, ಬಿಟ್ಟುಕೊಡಿ ಅಂದರು. ಫಲಕ ಅಲ್ಲೇ ಉಳಿಯಿತು, ಪಾನೀಯಕ್ಕೆ ಒಳ್ಳೆಯ ಗಿರಾಕಿಯಂತೆ. ಲಿಯೋಟಾ ಲೆಡ್‌ವಿಲ್ಲಿಗೆ ಮರಳಿ, ಒಂದು ವೃದ್ಧಾಶ್ರಮದ ಲಾಂಡ್ರಿ ಸೇರಿದಳು. ಕಾರಿನ್ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾಳೆ. ಹೆಸರು ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಬಟ್ಟಲಿಗೆ ಹೋಗುವುದನ್ನು ಬಿಟ್ಟಿದ್ದಾಳೆಂದು ಬೇರೆಯವರಿಂದ ತಿಳಿದು, ಲಿಯೋಟಾ ಅಷ್ಟಕ್ಕೆ ಸಮಾಧಾನ ಪಟ್ಟುಕೊಂಡಳು.

ದೊಡ್ಡ ಹಿಮ ಬಿದ್ದ ಮಾರನೆಯ ದಿನ ಬಾಯ್ಡ್ ಗುಡ್ಡ ದಾಟಿ ಬಂದು ಅವಳ ಬಾಗಿಲ ಮುಂದಿನ ಹಿಮ ಎತ್ತಿಹಾಕುತ್ತಾನೆ. ಅವಳು ಬೇಡ ಅನ್ನುವುದಿಲ್ಲ. ಒಮ್ಮೆ ಕಿಟಕಿ ತೆರೆದು, "ಆ ಕಡೆನೂ ಸ್ವಲ್ಪ ಇದೆ ನೋಡು" ಅಂದಳು. ಒಳಗೆ ಬಾ ಅಂತ ಮಾತ್ರ ಇನ್ನೂ ಕರೆದಿಲ್ಲ.