ಅಕ್ಕೋರು ಕೆರೆದ ಜೇನುಪೆಟ್ಟಿಗೆ

ಇಂಡಿ ಊರಿನಲ್ಲಿ ನಮ್ಮ ನಿಂಬೆ ತೋಟಕ್ಕೆ ಅಂಟಿಕೊಂಡೇ ಅಕ್ಕೋರ ತೋಟವಿತ್ತು. ನನಗೆ ಅಕ್ಷರ ಕಲಿಸಿದವರು. ಶಾಲೆಯಿಂದ ನಿವೃತ್ತರಾದ ಮೇಲೂ ಊರಿಗೆಲ್ಲ ಅಕ್ಕೋರೇ. ಯಾರಾದರೂ ‘ಆಗಂಗಿಲ್ಲ’ ಎಂದರೆ ಸಾಕು, “ಯಾಕ ಆಗಂಗಿಲ್ಲ?” ಎನ್ನುತ್ತ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು.

ನಮ್ಮ ಹಳೆಯ ಜೇನುಪೆಟ್ಟಿಗೆಗೆ ಹುಳು ಬಿದ್ದು ಒಳಗೆಲ್ಲ ಬಲೆ ಕಟ್ಟಿತ್ತು.

“ಇದು ಇನ್ನ ಉಪಯೋಗ ಆಗಂಗಿಲ್ರಿ ಅಕ್ಕೋರ, ನೀರೊಲಿಗಿ ಹಾಕಿ ಸುಡ್ತೇನಿ” ಎಂದೆ.

“ಯಾಕ ಆಗಂಗಿಲ್ಲ? ತಾ ಇಲ್ಲೆ” ಎಂದು ಕಸಿದುಕೊಂಡು ಹೋದರು.

ಕಳೆ ತೆಗೆಯುವ ಖುರ್ಪಿಯಿಂದ ಬಲೆಯನ್ನೆಲ್ಲ ಕೆರೆದರು. ಒಳಗೆ ಬೆಂಕಿ ಆಡಿಸಿ ಹುಳುವಿನ ಮೊಟ್ಟೆ ಸುಟ್ಟರು. ನೆರವಾಗಲೆಂದು ನಾನು, ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಪೆಟ್ಟಿಗೆಯ ಹೊರಗೂ ಒಳಗೂ ಹಚ್ಚಿಬಿಟ್ಟೆ.

“ಈ ವಾಸನ್ಯಾಗ ನೀ ಮಕ್ಕೋತೀ ಏನೋ?” ಎಂದು ಬೈದು, ಒಳಗಿನ ಬಣ್ಣವನ್ನು ಮೂರು ದಿನ ಕೂತು ಕೆರೆದರು. ಬರಿಯ ಕಟ್ಟಿಗೆ ಕಂಡ ಮೇಲೆ ಹಳೆಯ ಜೇನುಮೇಣ ಉಜ್ಜಿದರು. ನೋಡಿದವರೆಲ್ಲ ನಕ್ಕರು. ನಾನೂ ನಕ್ಕೆ.

ನಿಂಬೆ ಹೂಬಿಟ್ಟಾಗ ಜೇನುಹುಳುಗಳು ಬಂದು ಕೂತವು; ತಿಂಗಳೊಪ್ಪತ್ತಿನಲ್ಲಿ ಪೆಟ್ಟಿಗೆ ಜೇನುತುಪ್ಪದಿಂದ ತುಂಬಿತು. ಬಾಟ್ಲಿ ಹಿಡಿದು ಮೊದಲು ಹೋದವನು ನಾನೇ.

“ಅಕ್ಕೋರ, ಇದೊಂದು ಬಾಟ್ಲಿ ಜೇನತುಪ್ಪ ಕೊಡಾಕ ಆಗ್ತೈತೇನ್ರಿ?”

ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ:

“ಆಗಂಗಿಲ್ಲ.”