ಪಿಂಗ್ಲಿನ್ ರಸ್ತೆಗೆ ಎಂಥ ಕಾರ್ಡು?

ಲಾಯ್ ಅಣ್ಣನಷ್ಟು ಸರಳ ಮನುಷ್ಯ ನಮ್ಮ ಶಿಂದ್ಯೆನ್ ಓಣಿಯಲ್ಲಿ ಇನ್ನೊಬ್ಬನಿಲ್ಲ. ಇಪ್ಪತ್ತಾರು ವರ್ಷ ಒಂದೇ ರಸ್ತೆಯಲ್ಲಿ ಬಸ್ಸು ಓಡಿಸಿದ, ಇಲ್ಲಿಂದ ಬೆಟ್ಟದ ಮೇಲಿನ ಪಿಂಗ್ಲಿನ್‌ಗೆ. ಮೂರನೆಯ ಸ್ಟಾಪಿನಲ್ಲಿ ಹತ್ತಿ ಚಹಾ ಕೊಯ್ಯಲು ಹೋಗುತ್ತಿದ್ದ ಶೂ-ಯಿನ್‌ಳನ್ನೇ ಮದುವೆಯಾದ. ದಿನಾ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಒಂದು ಬಟ್ಟಲು ಬಿಸಿ ಸೋಯಾ ಹಾಲು ಕುಡಿದು ಹೋಗುತ್ತಾನೆ. ಇಂಥವನಿಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕಂಪ್ಯೂಟರಿಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಹುಚ್ಚು ಹಿಡಿಯಿತೆಂದರೆ ಯಾರು ನಂಬುತ್ತಾರೆ?

ಎಲ್ಲಕ್ಕೂ ಕಾರಣ ಶೂ-ಯಿನ್ ಅಕ್ಕ. ಪಾರ್ಶ್ವವಾಯು ಹೊಡೆದ ಮೇಲೆ ಎರಡು ವರ್ಷದಿಂದ ಐದನೆಯ ಮಹಡಿಯಿಂದ ಇಳಿದಿಲ್ಲ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹೊತ್ತುಕೊಂಡು ಇಳಿಸುತ್ತೇವೆ ಎಂದರೆ, "ಹೆಣ ಆದ್ಮೇಲೆ ಹೇಗೂ ಹೊರ್ತೀರಲ್ಲ, ಈಗ್ಲೇ ಏನವಸರ?" ಎನ್ನುತ್ತಾಳೆ. ಆದರೆ ಒಂದು ದಿನ, "ಪಿಂಗ್ಲಿನ್ ರಸ್ತೆ ಇನ್ನೊಂದ್ಸಲ ನೋಡ್ಬೇಕಿತ್ತು" ಅಂದುಬಿಟ್ಟಳು.

ಅಣ್ಣನ ಜೊತೆ ಬಸ್ಸು ಓಡಿಸುತ್ತಿದ್ದ ಗುವೋ ಮನೆಯ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವಿತ್ತು. ಯಾರೋ ಪುಣ್ಯಾತ್ಮರು ಅದರಲ್ಲಿ ಇದೇ ರಸ್ತೆಯನ್ನು ಒಂದು ತಿರುವೂ ಬಿಡದೆ ಮಾಡಿಟ್ಟಿದ್ದರು. ಗುವೋನ ಪರದೆಯಲ್ಲಿ ಏಳು ಸಾಲು ಬೆಟ್ಟ ಕಾಣುತ್ತದಂತೆ. ಅಕ್ಕನಿಗೂ ಹಾಗೇ ತೋರಿಸಬೇಕೆಂದು ಅಣ್ಣ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದ. ಅದರಲ್ಲಿ ಆಟ ತೆರೆದುಕೊಳ್ಳಲೇ ಇಲ್ಲ. ಒಳ್ಳೆಯ ಕಾರ್ಡು ಹಾಕಿಸು ಎಂದ ಗುವೋ. ಅಣ್ಣನ ಹತ್ತಿರ ಇದ್ದದ್ದು ಆರು ಸಾವಿರ.

ಚೌಕಾಸಿಗೆ ಗಟ್ಟಿಗಿತ್ತಿ ಎಂದು ನನ್ನನ್ನೂ ಕಂಪ್ಯೂಟರ್ ಸಾಮಾನು ಮಾರುವ ಗುವಾಂಗ್‌ಹುವಾ ಮಾರುಕಟ್ಟೆಗೆ ಕರೆದೊಯ್ದ. ಎಲೆಕೋಸೋ ಮೀನೋ ಆಗಿದ್ದರೆ ನಾನು ಗಟ್ಟಿಗಿತ್ತಿಯೇ ಸರಿ. ಇಲ್ಲಿ ಬಾಯಿ ತೆರೆಯಲೂ ಧೈರ್ಯ ಬರಲಿಲ್ಲ.

"ದೊಡ್ಡಪ್ಪ, ಇದು ಹೊಸದು, ಎಂಟು ಜಿಬಿ. ಇದು ಹಳೇದು, ಹನ್ನೆರಡು ಜಿಬಿ," ಎಂದಳು ಅಂಗಡಿಯ ಹುಡುಗಿ.

"ಹನ್ನೆರಡೇ ಜಾಸ್ತಿ ಅಲ್ವೇನಮ್ಮ?"

"ಜಾಸ್ತೀನೇ. ಆದ್ರೆ ಹೊಸದು ಚುರುಕು."

"ಸರಿ, ಹೊಸದೇ ಕೊಡು."

"ನಿಮ್ಮ ಆಟಕ್ಕೆ ಮೆಮೊರಿ ಬೇಕಾದ್ರೆ ಹಳೇದೇ ಮೇಲು. ಆದ್ರೆ ಅದು ಕರೆಂಟ್ ಜಾಸ್ತಿ ತಿನ್ನುತ್ತೆ, ಪವರ್ ಸಪ್ಲೈ ಬದಲಾಯಿಸ್ಬೇಕು."

ಅದನ್ನು ಬದಲಾಯಿಸಿದರೆ ಕಾರ್ಡಿಗೆ ದುಡ್ಡಿಲ್ಲ, ಕಾರ್ಡು ಕೊಂಡರೆ ಅದಕ್ಕೆ ದುಡ್ಡಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕೊನೆಗೆ ಹುಡುಗಿ ಯಾರೋ ಬಳಸಿ ಬಿಟ್ಟ ಒಂದು ಪುಟ್ಟ ಕಾರ್ಡು ತಂದಳು.

"ಇದರ ನಂಬರ್ ಅದಕ್ಕಿಂತ ದೊಡ್ಡದಿದೆ. ಮತ್ಯಾಕೆ ಅಗ್ಗ?"

"ನಂಬರ್ ನೋಡ್ಲೇಬೇಡಿ ದೊಡ್ಡಪ್ಪ."

"ನನ್ನ ಬಸ್ಸಿಗೆ ಜನ ನಂಬರ್ ನೋಡೇ ಹತ್ತುತ್ತಿದ್ರಮ್ಮ," ಎಂದ ಅಣ್ಣ, ಪಾಪ. ನನಗೂ ತಲೆ ಚಿಟ್ಟು ಹಿಡಿದಿತ್ತು. ಮೂರೂ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬರಿಗೈಯಲ್ಲಿ ವಾಪಸಾದೆವು.

ಮರುದಿನ ಅವನು ಚೀಟಿಯನ್ನು ಓಣಿಯ ಭೂದೇವರ ಗುಡಿಗೇ ಒಯ್ದ. ತನ್ನ ಹೆಸರು, ವಿಳಾಸ, ಮಹಡಿ ಎಲ್ಲ ಹೇಳಿ, "ಸ್ವಾಮಿ, ಎಂಟು ಜಿಬಿದು ತಗೊಳ್ಲಾ?" ಎಂದು, ದೇವರ ಉತ್ತರ ತಿಳಿಯಲು ಗುಡಿಯಲ್ಲಿಟ್ಟ ಕೆಂಪು ಮರದ ಜೋಡಿ ತುಂಡುಗಳನ್ನು ನೆಲಕ್ಕೆ ಹಾಕಿದ. ಒಂದು ಅಂಗಾತ, ಒಂದು ಕವುಚಿ ಬಿದ್ದರೆ ದೇವರು ಹೂಂ ಎಂದಂತೆ. ಎರಡೂ ಕವುಚಿದರೆ ಬೇಡ. ಎರಡೂ ಅಂಗಾತ ಬಿದ್ದವು. ಅಂದರೆ ದೇವರು ನಗುತ್ತಿದ್ದಾನೆ. ಹನ್ನೆರಡರದಕ್ಕೂ ನಕ್ಕ. ಪುಟ್ಟ ಕಾರ್ಡಿಗೂ ನಕ್ಕ.

"ಪ್ರಶ್ನೆ ಸರಿಯಿಲ್ಲದಿದ್ರೆ ಹೀಗೇ ನಗ್ತಾನೆ," ಎಂದಳು ಗುಡಿಯ ಮುದುಕಿ. "ಸರಿಯಾಗಿ ಕೇಳು."

"ಏನು ಕೇಳ್ಬೇಕು ಅನ್ನೋದೇ ತಿಳೀತಿಲ್ಲವಲ್ಲ ತಾಯಿ!"

ನನಗೆ ರೇಗಿಹೋಯಿತು. ಆರು ಸಾವಿರಕ್ಕೆ ಸಿಗುವುದನ್ನು ತರಲು ದೇವರೇಕೆ ಬೇಕು ಎಂದು ಗದರಿ, ಪುಟ್ಟ ಕಾರ್ಡನ್ನೇ ಕೊಡಿಸಿದೆ.

ಭಾನುವಾರ ಗುವೋ ಬಂದು ಅದನ್ನು ಜೋಡಿಸಿದ. ಆಟ ತೆರೆಯಿತು, ಆದರೆ ಬಸ್ಸು ಬಿಕ್ಕಳಿಸುತ್ತ ಸಾಗಿತು. "ದೂರದ್ದೆಲ್ಲ ತೆಗೀಬೇಕು ಕಣೋ, ಈ ಕಾರ್ಡಿಗೆ ಅಷ್ಟು ತಾಕತ್ತಿಲ್ಲ," ಎಂದು ಗುವೋ ಏನೋ ಒತ್ತಿದ. ಬಸ್ಸು ಸಲೀಸಾಗಿ ಓಡಿತು, ಆದರೆ ಬೆಟ್ಟಗಳೆಲ್ಲ ಮಾಯ. ಬಸ್ಸಿನ ಮುಂದೆ ಮೂವತ್ತು ಹೆಜ್ಜೆ ರಸ್ತೆ, ಆಮೇಲೆ ಬರೀ ಬಿಳಿ. ಅಣ್ಣನ ಮುಖ ಬಾಡಿತು. ತಪ್ಪು ನನ್ನದು, ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದು ನಾನು ಗೋಡೆ ನೋಡಿದೆ. ಹಿಂದೆ ಗಾಲಿಕುರ್ಚಿಯಲ್ಲಿ ಕೂತಿದ್ದ ಅಕ್ಕ ಪರದೆಯತ್ತ ಬಾಗಿದಳು. ಅಣ್ಣ ಆಟ ನಿಲ್ಲಿಸಲು ಕೈ ಚಾಚಿದ.

"ಯಾಕ್ರೀ ಇಷ್ಟು ಜೋರು? ಮಂಜು ಕಾಣಲ್ವಾ?" ಎಂದಳು ಅಕ್ಕ. "ಮುಂದೆ ತಿರುವಿದೆ, ಹಾರ್ನ್ ಹೊಡೀರಿ."

"ಮಂಜಲ್ಲ ಕಣೇ. ಕಾರ್ಡು ಸಣ್ಣದು, ಬೆಟ್ಟ ತೋರಿಸೋಕೆ ಆಗ್ತಿಲ್ಲ..."

"ಬೆಳಗಿನ ಬಸ್ಸಲ್ಲಿ ಯಾವತ್ತು ಬೆಟ್ಟ ಕಂಡಿತ್ತು? ನಾನು ನೋಡ್ತಿದ್ದದ್ದು ಇದನ್ನೇ."

ಅಣ್ಣ ಹಾರ್ನ್ ಹೊಡೆದ. ಅಕ್ಕ ಸ್ವಾಧೀನವಿದ್ದ ಕೈಯಲ್ಲಿ ಅವನ ಕುರ್ಚಿಯ ಬೆನ್ನು ಹಿಡಿದಳು. ಬಿಳಿಯೊಳಗಿಂದ ಮೂರನೆಯ ಸ್ಟಾಪಿನ ಕಂಬ ಮೆಲ್ಲಗೆ ಮೂಡಿತು. ಅವನು ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಸುಮ್ಮನೆ ಕಾದ.

"ಹತ್ತಿದ್ದೀನಿ," ಎಂದಳು ಅಕ್ಕ. "ಹೊರಡಿ."