ಕೊಯ್ಯಿರಿ ಅಂದರೆ ಕೊಯ್ಯುವ ದತ್ತಪ್ಪ

ಕಮಲಾಪುರದ ಕೆಂಪು ಬಾಳೆ ಗಿಡದಲ್ಲಿದ್ದಾಗಲೇ ಕೆಂಪಗಿರುತ್ತದೆ. ಬಣ್ಣ ನಂಬಿ ಗೊನೆ ಕೊಯ್ದವನು ಕೆಟ್ಟ. ಕಾಯಿಯ ಏಣು ಕರಗಿ ಮೈ ದುಂಡಗಾಗಿದೆಯೇ ಎಂದು ಬೆರಳಿನಿಂದ ಸವರಿ ತಿಳಿಯಬೇಕು. ಬುರ್ಹಾನುದ್ದೀನ್ ಸಾಹೇಬರ ತೋಟದಲ್ಲಿ ಹದಿನೆಂಟು ವರ್ಷ, ದತ್ತಪ್ಪ ಸವರಿ ಹೂಂ ಅನ್ನದೆ ಒಂದು ಗೊನೆಯೂ ಇಳಿದದ್ದಿಲ್ಲ.

ಹೋದ ವರ್ಷ ಕಲಬುರಗಿಯಿಂದ ಬರುವಾಗ ಬೈಕು ಜಾರಿ ಅವನ ತಲೆ ಡಾಂಬರಿಗೆ ಬಡಿಯಿತು. ಹನ್ನೊಂದು ದಿನ ಆಸ್ಪತ್ರೆ. ಮನೆಗೆ ಬಂದವನಿಗೆ ಮಾತಿತ್ತು, ನೆನಪಿತ್ತು, ಕೈಕಾಲು ಗಟ್ಟಿಯಿದ್ದವು. ಆದರೆ ಕೂತಲ್ಲಿಂದ ತಾನಾಗಿ ಏಳುತ್ತಿರಲಿಲ್ಲ. ಹೆಂಡತಿ ಕಸ್ತೂರಿಬಾಯಿ "ಉಣ್ರಿ" ಅಂದರೆ ಉಂಡ. ಅನ್ನದಿದ್ದರೆ ತಾಟಿನ ರೊಟ್ಟಿ ಒಣಗಿತು. ಮಗಳು ಗೌತಮಿ ಪಿಯುಸಿ ಪಾಸಾದೆ ಅಂದಾಗ "ಹೌದಾ" ಎಂದು ಗೋಡೆ ನೋಡಿದ.

"ಕುಂತಲ್ಲಿಗೇ ಎಲ್ಲಾ ಬರ್ತದ, ಯಾಕ ಎದ್ದಾನು? ಮೈಗಳ್ಳ ಅದಾನ, ತಂಗಿ," ಅಂದ ಅವನ ಅಣ್ಣ ಸೂಗಪ್ಪ.

ಕಸ್ತೂರಿಬಾಯಿ ಗಂಡನನ್ನು ಕಲಬುರಗಿಯ ಜೇವರ್ಗಿ ಕಾಲೋನಿಯ ಡಾಕ್ಟರ್ ಮದಿಹಾ ಹತ್ತಿರ ಕರೆದೊಯ್ದಳು.

"ಮೈಗಳ್ಳತನ ಅಲ್ಲಮ್ಮ," ಅಂದರು ಡಾಕ್ಟರ್. "ಮೆದುಳಿನಾಗ ಡೋಪಮೈನ್ ಅಂತ ಒಂದು ರಸಾಯನ ಅದ. ಏಳಬೇಕು, ಮಾಡಬೇಕು ಅನ್ನೋ ಹುರುಪಿಗಿ ಅದು ಬೇಕು. ಪೆಟ್ಟು ಬಿದ್ದಾಗ ಅದರ ದಾರಿ ಕೆಟ್ಟಂಗ ಕಾಣ್ತದ. ಗೊತ್ತಿರೋದು ಗೊತ್ತೇ ಇರ್ತದ, ಶುರು ಮಾಡೋದು ಆಗಲ್ಲ. ಗುಳಿಗಿ ಕೊಡ್ತೀನಿ. ಕೆಲವರಿಗಿ ಹತ್ತತದ, ಕೆಲವರಿಗಿ ಇಲ್ಲ."

"ಹುರುಪಿನ ಗುಳಿಗಿ!" ಮನೆಯಲ್ಲಿ ವಿಷಯ ಕೇಳಿ ಸೂಗಪ್ಪ ನಕ್ಕ. "ನಮ್ಮ ಎತ್ತಿಗೂ ನಾಕು ತಂದು ಹಾಕು."

ಆರು ವಾರ ಗುಳಿಗೆ ನುಂಗಿಸಿದಳು. ಒಂದು ದಿನ ಅವನು ತಾನೇ ಎದ್ದು ನೀರು ಕುಡಿದ. ಅವಳು ಬಾಗಿಲ ಹಿಂದೆ ಹೋಗಿ ಅತ್ತಳು. ಮರುದಿನ ಅದೂ ಇಲ್ಲ.

ಕೊಯ್ಲು ಬಂತು. ಈ ಸಲವೂ ದತ್ತಪ್ಪ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುವುದಾಗಿ ಹೇಳಲು ಸಾಹೇಬರೇ ಮನೆಗೆ ಬಂದರು. ಕೈಯಲ್ಲೊಂದು ಕಾಯಿ.

"ದತ್ತು ಭಾಯ್, ಇದು ಹೆಂಗದ?"

ಬೆರಳು ಸವರಿತು. "ಅವಸರ ಮಾಡೀರಿ ಸಾಬ್. ಇನ್ನೂ ಎಂಟು ದಿನ ಬೇಕಿತ್ತು."

"ಅರೆ, ದಿಮಾಗ್ ಬರಾಬರ್ ಅದ! ನಾಳಿ ಬಾ."

ಮರುದಿನ ದತ್ತಪ್ಪ ಕುಡಗೋಲು ಹಿಡಿದು ಬಲಿತ ಗೊನೆಯ ಕೆಳಗೆ ನಿಂತ. ನಿಂತೇ ಇದ್ದ. ಗೊನೆ ಒಯ್ಯಲು ರಸ್ತೆಯಲ್ಲಿ ಕಾದಿದ್ದ ಟೆಂಪೋದವನು ಹಾರ್ನ್ ಮೇಲೆ ಹಾರ್ನ್ ಹಾಕಿದ. ಅವನನ್ನು ಕರೆತಂದು ಬದುವಿನಲ್ಲಿ ಕೂತಿದ್ದ ಕಸ್ತೂರಿಬಾಯಿ ಓಡಿ ಬಂದು, "ಕೊಯ್ಯಿರಿ!" ಅಂದಳು. ಕೊಯ್ದ. ಮುಂದಿನ ಗಿಡಕ್ಕೆ ಹೋಗಲಿಲ್ಲ. "ನಡೀರಿ!" ನಡೆದ. "ಸವರ್ರಿ! ಕೊಯ್ಯಿರಿ!" ಸಂಜೆಯವರೆಗೆ ಪ್ರತಿ ಗೊನೆಗೂ ಅವಳು ಕೂಗಿದಳು. ಅವನ ಆಯ್ಕೆಯಲ್ಲಿ ಒಂದೂ ತಪ್ಪಿರಲಿಲ್ಲ.

"ಬಾಯಿ, ನೀ ಬರೋದಿದ್ರ ಇವ ಬರ್ಲಿ," ಅಂದರು ಸಾಹೇಬರು. "ಪಗಾರ ಮಾತ್ರ ಒಬ್ಬರದೇ."

ಕೆಲಸ ಉಳಿಯಿತು. ಬೇಲಿಯಾಚೆ ನಿಂತಿದ್ದ ಸೂಗಪ್ಪ ಗೆದ್ದವನಂತೆ ಕೈ ಮಾಡಿದ: "ನೋಡಿದ್ಯಾ? ಹೇಳಿದ್ರ ಮಾಡ್ತಾನ! ಮೈಗಳ್ಳ ಅಂತ ನಾ ಹೇಳಿದ್ದೇ ಖರೆ ಆತಿಲ್ಲೋ?"

ಕೂಗಿ ಕೂಗಿ ಅವಳಲ್ಲಿ ದನಿಯೇ ಉಳಿದಿರಲಿಲ್ಲ. ಮನೆಗೆ ಬಂದು ಗಂಡನ ಎದುರು ಕುಸಿದಳು. ಅವನು ಅವಳನ್ನೇ ನೋಡುತ್ತ ಕೂತ.

"ನನ್ನ ದನಿ ಬಿದ್ದದ," ಪಿಸುಗುಟ್ಟಿದಳು. "ಯಾಕಂತ ಕೇಳ್ರಿ."

"ಯಾಕ?" ಅಂದ ದತ್ತಪ್ಪ.